ಪರದೇಶಿಯ ಕೈಯಲ್ಲಿನ ಹಣ

ಕನ್ನಡದಲ್ಲಿ ‘ಪರದೇಶಿ’ ಎಂಬ ಮಾತಿಗೆ ಎರಡು ಅರ್ಥಗಳುಂಟು. ಬೇರೆ ದೇಶದಿಂದ ಬಂದವನು ಎಂಬುದು ಒಂದು. ದಿಕ್ಕಿಲ್ಲದವನು, ತನ್ನವರೆಂಬುವರು ಯಾರೂ ಇಲ್ಲದವನು ಎಂಬುದು ಇನ್ನೊಂದು. ತಂದೆತಾಯಿಗಳನ್ನು ಕಳೆದುಕೊಂಡ ಮಗುವನ್ನು ಕಂಡು, ‘ಪಾಪ, ಕೂಸು ಪರದೇಶಿಯಾಯಿತು’ ಎಂದು ನಮ್ಮ ಹಳ್ಳಿಯ ಹಿರಿಯರು ಮರುಗುತ್ತಾರೆ. ಆ ಮಗು ಹುಟ್ಟಿದ ಊರನ್ನು ಬಿಟ್ಟು ಒಂದು ಹೆಜ್ಜೆಯನ್ನೂ ಆಚೆಗೆ ಇಟ್ಟಿರುವುದಿಲ್ಲ. ಆದರೂ ಅದು ಪರದೇಶಿ. ಈ ಎರಡು ಅರ್ಥಗಳು ಒಂದೇ ಮಾತಿನಲ್ಲಿ ಕೂಡಿಕೊಂಡುದು ಆಕಸ್ಮಿಕವಲ್ಲ. ತನ್ನನ್ನು ಬಲ್ಲವರು, ತನಗಾಗಿ ಹೊಣೆ ನಿಲ್ಲುವವರು ಯಾರೂ ಇಲ್ಲದಿರುವ ಸ್ಥಿತಿಯೇ ಎರಡಕ್ಕೂ ಸಮಾನವಾದುದು.

ಇಂತಹ ಸ್ಥಿತಿಯಲ್ಲಿ ಮನುಷ್ಯನಿಗೆ ಆಸರೆಯಾಗಿ ಬಂದ ವಸ್ತುಗಳಲ್ಲಿ ಹಣವು ಮುಖ್ಯವಾದುದು. ಸ್ವಂತ ಊರಿನಲ್ಲಿ ಕೈಯಲ್ಲಿ ಹಣವಿಲ್ಲದಿದ್ದರೂ ಬದುಕು ಸಾಗುತ್ತದೆ. ಅಂಗಡಿಯವನು ಉದ್ರಿ ಕೊಡುತ್ತಾನೆ. ನೆರೆಮನೆಯವರು ಸೇರು ಜೋಳವನ್ನು ಕೈಗಡವಾಗಿ ಕೊಡುತ್ತಾರೆ. ಪರಸ್ಥಳದಲ್ಲಿ ಉದ್ರಿ ಕೊಡುವವರಾರು? ಅಲ್ಲಿ ನಾಣ್ಯವೇ ಬಂಧು, ನಾಣ್ಯವೇ ಜಾಮೀನು. ವರ್ತಕನು ನಾಣ್ಯವು ಸಾಚಾ ಆಗಿದೆಯೇ ಎಂದು ಪರೀಕ್ಷಿಸುತ್ತಾನೆಯೇ ಹೊರತು, ಕೊಟ್ಟವನ ಕುಲವನ್ನಾಗಲಿ ಊರನ್ನಾಗಲಿ ಕೇಳುವುದಿಲ್ಲ. ‘ನೀನು ಯಾರು?’ ಎಂದು ಕೇಳದಿರುವುದೇ ಹಣದ ಒಂದು ದೊಡ್ಡ ಗುಣ. ಇಂದು ಹಣವು ಮೊಬೈಲಿನೊಳಗೆ ಸೇರಿಕೊಳ್ಳುತ್ತಿರುವಾಗ ಈ ಗುಣವು ಕಳೆದುಹೋಗುವ ಸಂಭವವಿದೆ. ಅದು ಕಳೆದುಹೋಗದಂತೆ ನೋಡಿಕೊಳ್ಳುವುದು ನಮ್ಮ ಕರ್ತವ್ಯವೆಂದು ನಾನು ಭಾವಿಸುತ್ತೇನೆ.

ಗಡಿಯನ್ನು ದಾಟಿದೊಡನೆ ಕೈಯಲ್ಲಿನ ಹಣವು ಸಲ್ಲದೆ ಹೋಗುವ ಅನುಭವವು ನಮ್ಮ ಸೀಮೆಗೆ ಹೊಸದಲ್ಲ. ಮಾದನಹಿಪ್ಪರಗಾ, ಆಳಂದ, ಅಫಜಲಪುರ, ಜೇವರ್ಗಿಗಳ ಪ್ರದೇಶವು 1948ರವರೆಗೆ ನಿಜಾಮರ ಹೈದರಾಬಾದು ಸಂಸ್ಥಾನಕ್ಕೆ ಸೇರಿದ್ದಿತು. ಆ ಸಂಸ್ಥಾನಕ್ಕೆ ತನ್ನದೇ ಆದ ನಾಣ್ಯವಿದ್ದಿತು. ಅದನ್ನು ‘ಹಾಲಿ ಸಿಕ್ಕಾ’ ಎಂದು ಕರೆಯುತ್ತಿದ್ದರು. ಇಪ್ಪತ್ತನೆಯ ಶತಮಾನದ ಆ ನಾಣ್ಯಗಳ ಮೇಲೆ ಚಾರ್‌ಮಿನಾರಿನ ಚಿತ್ರವಿರುತ್ತಿದ್ದಿತು. ಕಾಗದದ ನೋಟುಗಳ ಮೇಲೆ ಮೌಲ್ಯವನ್ನು ಉರ್ದುವಿನೊಡನೆ ಕನ್ನಡ, ತೆಲುಗು, ಮರಾಠಿ ಹಾಗೂ ಇಂಗ್ಲಿಷಿನಲ್ಲಿಯೂ ಮುದ್ರಿಸುತ್ತಿದ್ದರು. ಆದರೆ ಪಶ್ಚಿಮಕ್ಕೆ ಸ್ವಲ್ಪ ದೂರದಲ್ಲಿದ್ದ ಸೊಲ್ಲಾಪುರವು ಬ್ರಿಟಿಷರ ಮುಂಬಯಿ ಪ್ರಾಂತಕ್ಕೆ ಸೇರಿದುದು. ಅಲ್ಲಿ ನಡೆಯುತ್ತಿದ್ದುದು ‘ಕಲ್ದಾರ್’ ರೂಪಾಯಿ.

ಈ ಎರಡು ರಾಜ್ಯಗಳ ನಡುವೆ ಜನರ ಓಡಾಟಕ್ಕೇನೂ ಕೊರತೆಯಿರಲಿಲ್ಲ. ಕೂಲಿಗಾಗಿ ಸೊಲ್ಲಾಪುರದ ಬಟ್ಟೆಯ ಗಿರಣಿಗಳಿಗೆ, ಭಕ್ತಿಯಿಂದ ಸಿದ್ಧರಾಮೇಶ್ವರನ ಜಾತ್ರೆಗೆ ನಮ್ಮವರು ಹೋಗುತ್ತಿದ್ದರು. ಆ ಕಡೆಯವರು ಗಾಣಗಾಪುರದ ದತ್ತಾತ್ರೇಯನ ದರ್ಶನಕ್ಕೆ ಬರುತ್ತಿದ್ದರು. ಹಾಗೆ ಹೋದವನು ಮೊದಲು ಹಣವನ್ನು ಬದಲಾಯಿಸಿಕೊಳ್ಳಬೇಕಾಗಿದ್ದಿತು. ಸ್ಥೂಲವಾಗಿ ಏಳು ಹಾಲಿ ರೂಪಾಯಿಗಳು ಆರು ಕಲ್ದಾರ್ ರೂಪಾಯಿಗಳಿಗೆ ಸಮ. ಎಪ್ಪತ್ತು ರೂಪಾಯಿಗಳನ್ನು ಸೊಂಟದ ಚೀಲದಲ್ಲಿ ಕಟ್ಟಿಕೊಂಡು ಹೊರಟವನಿಗೆ ಆ ಕಡೆಯಲ್ಲಿ ಅರವತ್ತು ರೂಪಾಯಿಗಳು ದೊರೆಯುತ್ತಿದ್ದವು. ಅದರಲ್ಲಿಯೂ ಸರಾಫನ ವಟ್ಟವನ್ನು ಕಳೆಯಬೇಕು. ಲೆಕ್ಕ ಬಾರದ ರೈತನಿಗೆ ಮೋಸವಾಗುವುದೂ ಸುಲಭವಾಗಿದ್ದಿತು. ಭಾರತದೊಡನೆ ಸಂಸ್ಥಾನವು ಸೇರಿದ ಮೇಲೆ 1950ರಲ್ಲಿ ಭಾರತದ ರೂಪಾಯಿ ಇಲ್ಲಿಯೂ ಬಳಕೆಗೆ ಬಂದಿತು. ಹಾಲಿ ಸಿಕ್ಕಾ ಕ್ರಮೇಣ ಹಿಂದೆ ಸರಿದು 1959ರಲ್ಲಿ ಸಂಪೂರ್ಣವಾಗಿ ರದ್ದಾಯಿತು.

ಆ ಕಾಲದ ತೊಂದರೆಯನ್ನು ಅಲ್ಲಗಳೆಯುವಂತಿಲ್ಲ. ಆದರೆ ಅದರ ಸ್ವರೂಪವನ್ನು ನಾವು ಗಮನಿಸಬೇಕು. ಸರಾಫನ ಕಟ್ಟೆಯ ಮುಂದೆ ಕೆಲವು ನಿಮಿಷ ನಿಂತರೆ ಆ ತೊಂದರೆ ತೀರುತ್ತಿದ್ದಿತು. ಸರಾಫನು ನಾಣ್ಯವನ್ನು ನೋಡುತ್ತಿದ್ದನು. ಅದನ್ನು ತಂದವನ ವಿಳಾಸವನ್ನು ವಿಚಾರಿಸುತ್ತಿರಲಿಲ್ಲ. ಅಂದು ಪರಕೀಯವಾಗಿದ್ದುದು ನಾಣ್ಯ, ಮನುಷ್ಯನಲ್ಲ.

ಈಗ ನಮ್ಮ ಕಾಲಕ್ಕೆ ಬರೋಣ. 2016ರ ಏಪ್ರಿಲ್ ತಿಂಗಳಿನಲ್ಲಿ ಭಾರತದಲ್ಲಿ ಯುಪಿಐ ಎಂಬ ವ್ಯವಸ್ಥೆಯು ಆರಂಭವಾಯಿತು. ಅದನ್ನು ನಡೆಸುತ್ತಿರುವುದು 2008ರಲ್ಲಿ ಸ್ಥಾಪನೆಯಾದ ಭಾರತೀಯ ರಾಷ್ಟ್ರೀಯ ಪಾವತಿ ನಿಗಮ. ಅದೇ ವರ್ಷದ ನವೆಂಬರ್ 8ರಂದು ಐನೂರು ಹಾಗೂ ಸಾವಿರ ರೂಪಾಯಿಗಳ ಹಳೆಯ ನೋಟುಗಳು ರದ್ದಾದ ತರುವಾಯ ಜನರು ಮೊಬೈಲಿನ ಪಾವತಿಯ ಕಡೆಗೆ ಹೆಚ್ಚು ಹೆಚ್ಚಾಗಿ ಒಲಿದರು. ಇಂದು ಚಹಾದಂಗಡಿಯ ಮುಂದೆಯೂ, ತರಕಾರಿಯ ಗಾಡಿಯ ಮೇಲೂ ಕಪ್ಪುಬಿಳುಪಿನ ಚೌಕಗಳ ಕ್ಯೂಆರ್ ಚಿತ್ರವು ಕಾಣಸಿಗುತ್ತದೆ. 1994ರಲ್ಲಿ ಜಪಾನಿನ ಒಂದು ಕಂಪನಿಯು ಮೋಟಾರು ಕಾರ್ಖಾನೆಯ ಬಿಡಿಭಾಗಗಳನ್ನು ಗುರುತಿಸುವುದಕ್ಕಾಗಿ ರೂಪಿಸಿದ ಚಿತ್ರವಿದು. ಅದು ನಮ್ಮ ಹಳ್ಳಿಯ ಅಂಗಡಿಯ ಗೋಡೆಯನ್ನು ಸೇರಿದುದು ನಿಜಕ್ಕೂ ಸೋಜಿಗದ ಸಂಗತಿ.

ಈ ವ್ಯವಸ್ಥೆಯಿಂದ ಆಗಿರುವ ಉಪಕಾರವು ಸಣ್ಣದಲ್ಲ. ಚಿಲ್ಲರೆಗಾಗಿ ಪರದಾಡುವುದು ತಪ್ಪಿದೆ. ಕಿಸೆಗಳ್ಳರ ಭಯ ತಗ್ಗಿದೆ. ಪುಣೆಯಲ್ಲಿಯೋ ಬೆಂಗಳೂರಿನಲ್ಲಿಯೋ ದುಡಿಯುವ ಮಗನು ಊರಿನಲ್ಲಿರುವ ತಾಯಿಗೆ ಕ್ಷಣಮಾತ್ರದಲ್ಲಿ ಹಣ ಕಳುಹಿಸಬಲ್ಲನು. ಹಿಂದೆ ಅಂಚೆಯ ಮನಿಯಾರ್ಡರಿಗಾಗಿ ದಿನಗಟ್ಟಲೆ ಕಾಯಬೇಕಾಗಿದ್ದಿತು. ಆದುದರಿಂದ ಈ ವ್ಯವಸ್ಥೆಯನ್ನು ಹಳಿಯುವುದು ನನ್ನ ಉದ್ದೇಶವಲ್ಲ. ಅದರ ಬಾಗಿಲು ಯಾರಿಗೆ ತೆರೆದಿದೆ, ಯಾರಿಗೆ ಮುಚ್ಚಿದೆ ಎಂಬುದನ್ನು ವಿಚಾರಿಸುವುದಷ್ಟೇ ನನ್ನ ಉದ್ದೇಶ.

ಯುಪಿಐಯನ್ನು ಸಾಮಾನ್ಯ ರೀತಿಯಲ್ಲಿ ಬಳಸಬೇಕಾದರೆ ಮೂರು ಸಾಧನಗಳು ಬೇಕು: ಬ್ಯಾಂಕಿನಲ್ಲಿ ಖಾತೆ, ಆ ಖಾತೆಗೆ ಜೋಡಿಸಿದ ಮೊಬೈಲ್ ಸಂಖ್ಯೆ, ಹಾಗೂ ಆ್ಯಪನ್ನು ನಡೆಸಬಲ್ಲ ಫೋನು. ಈ ದೇಶದಲ್ಲಿ ನೆಲೆಸಿದವರಿಗೆ ಇವು ಒಮ್ಮೆ ದೊರೆತರೆ ಸಾಕು. ಕೆಲವೇ ದಿನಗಳ ಮಟ್ಟಿಗೆ ಬಂದು ಹೋಗುವ ಪ್ರವಾಸಿಗೆ ಮೊದಲಿನ ಎರಡು ಎಲ್ಲಿಂದ ಬರಬೇಕು? ಖಾತೆ ತೆರೆಯಲು ವಿಳಾಸ ಬೇಕು. ವಿಳಾಸಕ್ಕೆ ದಾಖಲೆ ಬೇಕು. ಅವನು ತನ್ನ ದೇಶದಲ್ಲಿ ಧನಿಕನಾಗಿರಬಹುದು. ಇಲ್ಲಿನ ಚೌಕದ ಚಿತ್ರದ ಮುಂದೆ ಮಾತ್ರ ಬರಿಗೈಯವನು. ಇಂದು ಪರಕೀಯವಾಗಿರುವುದು ನಾಣ್ಯವಲ್ಲ, ಮನುಷ್ಯ. ಈ ಕೊರತೆಯನ್ನು ಯಾವ ಸರಾಫನೂ ವಟ್ಟವನ್ನು ಪಡೆದು ನೀಗಿಸಲಾರನು.

ನಮ್ಮ ಜಿಲ್ಲೆಯ ಸನ್ನತಿಯ ಬಳಿ, ಭೀಮಾನದಿಯ ದಡದ ಕನಗನಹಳ್ಳಿಯಲ್ಲಿ, ಪ್ರಾಚೀನವಾದ ಬೌದ್ಧ ಸ್ತೂಪವೊಂದಿದೆ. ಅಶೋಕನ ಹೆಸರನ್ನು ಕೆತ್ತಿದ ಅವನ ಶಿಲ್ಪವು ದೊರೆತಿರುವುದು ಅಲ್ಲಿಯೇ. ಅದನ್ನು ನೋಡಲು ದೂರದ ದೇಶದಿಂದ ಒಬ್ಬ ವೃದ್ಧ ಯಾತ್ರಿಕನು ಬಂದನೆಂದು ಭಾವಿಸೋಣ. ಬಿಸಿಲಿನಲ್ಲಿ ಬಳಲಿದ ಅವನು ದಾರಿಯ ಬದಿಯ ಖಾನಾವಳಿಯಲ್ಲಿ ಎರಡು ಜೋಳದ ರೊಟ್ಟಿಯನ್ನು ಉಂಡು, ನೂರು ರೂಪಾಯಿಯ ನೋಟನ್ನು ನೀಡುತ್ತಾನೆ. ‘ಚಿಲ್ಲರೆ ಇಲ್ಲ, ಫೋನಿನಿಂದ ಹಾಕಿರಿ’ ಎಂದು ಅಂಗಡಿಯವನು ಹೇಳಿದರೆ ಅವನ ಗತಿಯೇನು? ಅಂಗಡಿಯವನಲ್ಲಿ ದುರುದ್ದೇಶವೇನೂ ಇಲ್ಲ. ಆದರೂ ಹಣ ಕೈಯಲ್ಲಿರುವ ಮನುಷ್ಯನು, ಉಂಡ ಅನ್ನದ ಬೆಲೆಯನ್ನು ತೆರಲಾರದೆ ತಲೆ ತಗ್ಗಿಸಿ ನಿಲ್ಲಬೇಕಾಗುತ್ತದೆ. ಅತಿಥಿಯನ್ನು ದೇವರೆಂದು ಕರೆಯುವ ನಾಡಿಗೆ ಇದು ಶೋಭಿಸುವ ಮಾತಲ್ಲ.

ಇದು ನಮ್ಮಲ್ಲಿಗೆ ಬರುವವರ ಕಷ್ಟ ಮಾತ್ರವಲ್ಲ. ನಮ್ಮ ಮಕ್ಕಳು ಹೊರಗೆ ಹೋದಾಗ ಅವರಿಗೂ ಒದಗುವ ಕಷ್ಟ. ಚೀನಾ ದೇಶದ ಪಟ್ಟಣಗಳಲ್ಲಿ ಅಲಿಪೇ, ವೀಚಾಟ್ ಪೇ ಎಂಬ ಎರಡು ಆ್ಯಪ್‌ಗಳು ಪೇಟೆಯನ್ನೆಲ್ಲ ಆವರಿಸಿಕೊಂಡಿವೆ. ಬಹುಕಾಲ ಅವು ಆ ದೇಶದ ಬ್ಯಾಂಕು ಖಾತೆಯುಳ್ಳವರಿಗೇ ಅನುಕೂಲವಾಗಿದ್ದವು. ಕೆಲವು ಅಂಗಡಿಗಳು ನಗದನ್ನು ನಿರಾಕರಿಸತೊಡಗಿದಾಗ, ಹಾಗೆ ನಿರಾಕರಿಸುವುದು ಕಾನೂನಿಗೆ ವಿರುದ್ಧವೆಂದು 2018ರಲ್ಲಿ ಅಲ್ಲಿನ ಕೇಂದ್ರ ಬ್ಯಾಂಕು ಸಾರಬೇಕಾಯಿತು. 2024ರ ಮಾರ್ಚ್ ತಿಂಗಳಿನಲ್ಲಿ ಅಲ್ಲಿನ ಸರ್ಕಾರವು ಪಾವತಿಯನ್ನು ಸುಲಭಗೊಳಿಸುವ ಸೂಚನೆಗಳನ್ನು ಹೊರಡಿಸಿತು. ವಿದೇಶದ ಕಾರ್ಡನ್ನು ಆ್ಯಪಿಗೆ ಜೋಡಿಸಿದ ಪ್ರವಾಸಿಯು ಒಂದು ಸಲಕ್ಕೆ ಪಾವತಿ ಮಾಡಬಹುದಾದ ಮಿತಿಯು ಒಂದು ಸಾವಿರ ಡಾಲರುಗಳಿಂದ ಐದು ಸಾವಿರ ಡಾಲರುಗಳಿಗೆ ಏರಿತು. ಆ ಸೂಚನೆಗಳಲ್ಲಿ ನನ್ನ ಗಮನವನ್ನು ಸೆಳೆದ ಒಂದು ಸಂಗತಿಯುಂಟು. ಅವು ವಿದೇಶೀಯರನ್ನೂ ವೃದ್ಧರನ್ನೂ ಒಟ್ಟಿಗೆ ಹೆಸರಿಸಿ, ಇಬ್ಬರಿಗೂ ನೆರವು ಬೇಕೆಂದು ಹೇಳಿದವು.

ಯೋಚಿಸಿ ನೋಡಿದರೆ ಇದು ಎಷ್ಟು ಸತ್ಯವಾದ ಮಾತು! ನಮ್ಮ ಊರುಗಳಲ್ಲಿಯೇ ಫೋನಿಲ್ಲದ ಅಜ್ಜಿಯರಿದ್ದಾರೆ. ಫೋನಿದ್ದರೂ ಅದರ ಅಕ್ಷರಗಳನ್ನು ಓದಲಾರದ ಹಿರಿಯರಿದ್ದಾರೆ. ಮನೆಗೆಲ್ಲ ಒಂದೇ ಫೋನಿದ್ದು, ಅದು ಮಗನ ಕೈಯಲ್ಲಿ ಪರವೂರಿಗೆ ಹೋಗಿರುವ ಕುಟುಂಬಗಳಿವೆ. ವೃದ್ಧಾಪ್ಯವೇತನದ ನೋಟನ್ನು ಸೆರಗಿನ ತುದಿಯಲ್ಲಿ ಗಂಟುಕಟ್ಟಿಕೊಂಡು ಬಂದ ಮುದುಕಿಗೆ, ‘ನೋಟು ಬೇಡ, ಫೋನು ತಾ’ ಎಂದು ಅಂಗಡಿಯವನು ಹೇಳಿದ ದಿನ, ಆಕೆಯು ತಾನು ಹುಟ್ಟಿ ಬೆಳೆದ ಊರಿನಲ್ಲಿಯೇ ಪರದೇಶಿಯಾಗುತ್ತಾಳೆ. ನಮ್ಮ ಮಾತಿನ ಎರಡು ಅರ್ಥಗಳು ಅಲ್ಲಿ ಮತ್ತೆ ಒಂದಾಗುತ್ತವೆ.

ಬಾಗಿಲನ್ನು ಅಗಲಿಸುವ ಕೆಲಸವು ನಮ್ಮ ದೇಶದಲ್ಲಿಯೂ ನಡೆದಿದೆ ಎಂಬುದು ಸಮಾಧಾನದ ವಿಷಯ. 2022ರಲ್ಲಿ ಸಾದಾ ಫೋನಿನಿಂದಲೂ ಪಾವತಿ ಮಾಡಬಲ್ಲ ಏರ್ಪಾಡು ಬಂದಿತು. 2023ರ ಫೆಬ್ರವರಿಯಲ್ಲಿ ರಿಸರ್ವ್ ಬ್ಯಾಂಕು ವಿದೇಶೀ ಪ್ರವಾಸಿಗಳಿಗೂ ಯುಪಿಐ ಬಳಸುವ ಅವಕಾಶವನ್ನು ಪ್ರಕಟಿಸಿತು. ಜಿ-20 ಕೂಟದ ದೇಶಗಳಿಂದ ಕೆಲವು ವಿಮಾನನಿಲ್ದಾಣಗಳಿಗೆ ಬಂದಿಳಿಯುವವರಿಂದ ಅದು ಆರಂಭವಾಯಿತು. ಪ್ರವಾಸಿಯು ಪಾಸ್‌ಪೋರ್ಟ್ ಹಾಗೂ ವೀಸಾಗಳನ್ನು ತೋರಿಸಿ, ಮುಂಗಡವಾಗಿ ಹಣ ತುಂಬಿ, ಅಂಗಡಿಗಳಲ್ಲಿ ಪಾವತಿ ಮಾಡಬಹುದು. ನಮ್ಮವರು ಹೊರಗೆ ಹೋದಾಗ ಬಳಸುವಂತೆ 2021ರಲ್ಲಿ ಭೂತಾನದಲ್ಲಿಯೂ, 2024ರ ಫೆಬ್ರವರಿಯಲ್ಲಿ ಶ್ರೀಲಂಕಾ, ಮಾರಿಷಸ್‌ಗಳಲ್ಲಿಯೂ, ಪ್ಯಾರಿಸಿನ ಐಫೆಲ್ ಗೋಪುರದಲ್ಲಿಯೂ ಯುಪಿಐ ಕಾಲಿರಿಸಿತು. ಇವೆಲ್ಲ ಒಳ್ಳೆಯ ಹೆಜ್ಜೆಗಳೇ. ಆದರೆ ವಿಮಾನನಿಲ್ದಾಣದಲ್ಲಿ ತೆರೆದ ಬಾಗಿಲು ಹಳ್ಳಿಯ ಖಾನಾವಳಿಯವರೆಗೆ ತಲಪಬೇಕಾದರೆ ಕಾಲ ಹಿಡಿಯುತ್ತದೆ. ಅಲ್ಲಿಯವರೆಗೆ, ಅದರ ಆಚೆಗೂ, ನೋಟು ನಾಣ್ಯಗಳ ಬಾಗಿಲನ್ನು ಮುಚ್ಚಕೂಡದು.

‘ನಗದಿನಿಂದ ತೆರಿಗೆಯನ್ನು ತಪ್ಪಿಸುತ್ತಾರೆ, ಖೋಟಾ ನೋಟುಗಳು ನುಸುಳುತ್ತವೆ, ನೋಟನ್ನು ಅಚ್ಚುಹಾಕಿ ಸಾಗಿಸಲು ಸರ್ಕಾರಕ್ಕೆ ವೆಚ್ಚವಾಗುತ್ತದೆ, ಅದನ್ನು ಬಿಟ್ಟುಬಿಡುವುದೇ ಲೇಸಲ್ಲವೇ?’ ಎಂದು ಕೆಲವರು ಕೇಳಬಹುದು. ಈ ಮಾತಿನಲ್ಲಿ ಹುರುಳಿಲ್ಲದೆ ಇಲ್ಲ. ಲಕ್ಷಗಟ್ಟಲೆ ರೂಪಾಯಿಗಳ ವ್ಯವಹಾರವು ಬ್ಯಾಂಕಿನ ಮೂಲಕ ನಡೆಯಲೆಂದು ನಿಯಮ ಮಾಡುವುದು ನ್ಯಾಯವೇ. ಆದರೆ ಒಂದು ಹೊತ್ತಿನ ಊಟ, ಒಂದು ಬಸ್ಸಿನ ಚೀಟಿ, ಒಂದು ಜ್ವರದ ಗುಳಿಗೆ, ಇವುಗಳನ್ನು ಕೊಳ್ಳುವುದಕ್ಕೂ ಗುರುತಿನ ದಾಖಲೆ ಬೇಕೆನ್ನುವುದು ನ್ಯಾಯವಲ್ಲ. ಅಲ್ಲದೆ ವಿದ್ಯುತ್ತು ನಿಂತಾಗ, ಮಳೆಗಾಳಿಗೆ ಮೊಬೈಲಿನ ಗೋಪುರ ಸುಮ್ಮನಾದಾಗ, ಸ್ಥಳೀಯನೂ ನೋಟನ್ನೇ ನೆಚ್ಚಬೇಕಾಗುತ್ತದೆ. ನಮ್ಮ ಇಂದಿನ ನೋಟಿನ ಹಿಂಬದಿಯಲ್ಲಿ ಹದಿನೈದು ಭಾಷೆಗಳ ಪಟ್ಟಿಯಿದೆ. ಅದರ ನಾಲ್ಕನೆಯ ಸಾಲು ಕನ್ನಡದ್ದು. ಓದಬಲ್ಲವರು ತಮ್ಮ ನುಡಿಯಲ್ಲಿ ಓದಿ ತಿಳಿಯಲೆಂಬ ಸೌಜನ್ಯ ಅದರಲ್ಲಿದೆ. ಆ ಸೌಜನ್ಯವು ಮೊಬೈಲಿನ ಹಣಕ್ಕೂ ಬರಬೇಕು.

ಆದುದರಿಂದ ಮಾಡಬೇಕಾದುದು ಸ್ಪಷ್ಟವಾಗಿದೆ. ಸರ್ಕಾರವೂ ಬ್ಯಾಂಕುಗಳೂ ಹೊರಗಿನವರಿಗೆ ಪಾವತಿಯ ಹಾದಿಯನ್ನು ಇನ್ನಷ್ಟು ಸುಗಮಗೊಳಿಸಬೇಕು. ಸಣ್ಣ ಮೊತ್ತಕ್ಕೆ ನಗದನ್ನು ನಿರಾಕರಿಸದಂತೆ ನೋಡಿಕೊಳ್ಳಬೇಕು. ವರ್ತಕರು ಗಲ್ಲಾಪೆಟ್ಟಿಗೆಯಲ್ಲಿ ಒಂದಷ್ಟು ಚಿಲ್ಲರೆಯನ್ನು ಇರಿಸಿಕೊಳ್ಳಬೇಕು. ಪ್ರವಾಸಿಗೂ ಕೆಲವು ಕರ್ತವ್ಯಗಳುಂಟು. ಪರದೇಶಕ್ಕೆ ಹೊರಡುವವನು ಒಂದೇ ಸಾಧನವನ್ನು ನಂಬಿ ಹೋಗಬಾರದು. ಆ ದೇಶದಲ್ಲಿ ಯಾವ ಪಾವತಿ ನಡೆಯುತ್ತದೆಂಬುದನ್ನು ಮೊದಲೇ ತಿಳಿದು, ಕಾರ್ಡು, ಆ್ಯಪು, ಸಣ್ಣ ಮೊತ್ತದ ನೋಟುಗಳು, ಮೂರನ್ನೂ ಜೊತೆಗಿಟ್ಟುಕೊಳ್ಳಬೇಕು. ಬ್ಯಾಂಕು ಕಳುಹಿಸುವ ಗುಪ್ತಸಂಖ್ಯೆಯು ತನ್ನ ಊರಿನ ಮೊಬೈಲ್ ಸಂಖ್ಯೆಗೇ ಬರುವುದರಿಂದ, ಹೊರದೇಶದಲ್ಲಿ ಆ ಸಂಖ್ಯೆಯು ಕೆಲಸ ಮಾಡುವಂತೆ ಏರ್ಪಡಿಸಿಕೊಳ್ಳಬೇಕು. ಆ ಗುಪ್ತಸಂಖ್ಯೆಯನ್ನು ಯಾರಿಗೂ ಹೇಳಬಾರದು.

ವಿದ್ಯಾರ್ಥಿಗಳಾದ ನೀವು ಈ ಹೊಸ ವಿದ್ಯೆಯಲ್ಲಿ ಹಿರಿಯರಿಗಿಂತ ಮುಂದಿರುವಿರಿ. ಗಾಣಗಾಪುರದಲ್ಲಿಯೋ ಕಲಬುರಗಿಯ ಬಸ್ ನಿಲ್ದಾಣದಲ್ಲಿಯೋ ಹೊರಗಿನವರೊಬ್ಬರು ಅಂಗಡಿಯ ಮುಂದೆ ದಿಕ್ಕು ತೋಚದೆ ನಿಂತಿದ್ದರೆ, ಅವರ ನೋಟಿಗೆ ಚಿಲ್ಲರೆ ಒದಗಿಸಿ ನೆರವಾಗಿರಿ. ಮನೆಯ ಅಜ್ಜಿಗೆ ಫೋನಿನ ಬಳಕೆಯನ್ನು ತಾಳ್ಮೆಯಿಂದ ಕಲಿಸಿರಿ. ಆಕೆಗೆ ಕಲಿಯುವ ಮನಸ್ಸಿಲ್ಲದಿದ್ದರೆ, ಆಕೆಯ ಸೆರಗಿನ ನೋಟಿಗೆ ಪೇಟೆಯಲ್ಲಿ ಮನ್ನಣೆಯು ಉಳಿಯಬೇಕೆಂದು ಒತ್ತಾಯಿಸಿರಿ. ಬೆವರು ಸುರಿಸಿ ಗಳಿಸಿದ ಹಣವು ಯಾರ ಕೈಯಲ್ಲಿದ್ದರೂ ಸಲ್ಲುವಂತಿರುವುದೇ ಒಳ್ಳೆಯ ಪೇಟೆಯ ಲಕ್ಷಣ. ಹಣವಿದ್ದೂ ಹಸಿದು ಹೋಗುವವರು ಒಬ್ಬರೂ ಇಲ್ಲದಿರುವುದೇ ಒಳ್ಳೆಯ ಊರಿನ ಲಕ್ಷಣ.