ಗೋಡೆ ಬಿತ್ತು, ಬಡವ ಎದ್ದನೇ?

ಧಾರವಾಡದಲ್ಲಿ ನಾವು ಶಾಲಾ ಬಾಲಕರಾಗಿದ್ದಾಗ ‘ಸೋವಿಯತ್ ಲ್ಯಾಂಡ್’ ಪತ್ರಿಕೆಯ ನುಣುಪು ಹಾಳೆಗಳನ್ನು ಪಠ್ಯಪುಸ್ತಕಗಳಿಗೆ ಹೊದಿಸುತ್ತಿದ್ದೆವು. ಆ ಚಿತ್ರಗಳಲ್ಲಿ ಎಲ್ಲರೂ ನಗುತ್ತಿದ್ದರು. ಶ್ರಮಶಿಬಿರಗಳು ಮಾತ್ರ ಕಾಣುತ್ತಿರಲಿಲ್ಲ. 1989ರ ನವೆಂಬರ್ 9ರಂದು ಬರ್ಲಿನ್ ಗೋಡೆ ತೆರೆದಾಗ ಗುರುಮಠದಲ್ಲಿ ಸ್ತುತಿಗೀತೆ ಹಾಡಿದೆವು. ಹಾಡಿದ್ದು ತಪ್ಪಲ್ಲ. ನ್ಯಾಯದ ಪ್ರಶ್ನೆ ಅಲ್ಲಿಗೇ ಮುಗಿಯಿತೆಂದು ಭಾವಿಸಿದ್ದು ತಪ್ಪು.

ದೇವರಿಲ್ಲವೆಂದವರ ಸಾಮ್ರಾಜ್ಯ ಕುಸಿಯಿತೆಂದು ನಮ್ಮ ಪ್ರಬೋಧನೆಗಳು ಇಂದಿಗೂ ಹಿಗ್ಗುತ್ತವೆ. ಕುಸಿದ ಮೇಲೆ ಏನಾಯಿತೆಂದು ಕೇಳುವವರು ವಿರಳ. ರಷ್ಯಾದಲ್ಲಿ 1995ರ ‘ಸಾಲಕ್ಕೆ ಷೇರು’ ಯೋಜನೆಯಿಂದ ತೈಲ, ನಿಕಲ್ ಉದ್ಯಮಗಳು ಕೆಲವೇ ಧನಿಕರ ಕೈಸೇರಿದವು. 1990ರಲ್ಲಿ ಸುಮಾರು 64 ವರ್ಷವಿದ್ದ ಪುರುಷರ ಸರಾಸರಿ ಆಯುಷ್ಯ 1994ರ ವೇಳೆಗೆ 58ಕ್ಕಿಂತ ಕೆಳಗಿಳಿಯಿತು. ಪೋಲೆಂಡ್ ಮುಂದೆ ಚೇತರಿಸಿಕೊಂಡಿತು, ನಿಜ. ಆದರೆ 1980ರಲ್ಲಿ ‘ಸಾಲಿಡಾರಿಟಿ’ ಕಾರ್ಮಿಕ ಸಂಘ ಜನಿಸಿದ ಗ್ಡಾನ್ಸ್ಕ್‌ನ ಹಡಗು ಕಾರ್ಖಾನೆಯೇ 1996ರಲ್ಲಿ ದಿವಾಳಿಯಾಯಿತು. ಸರ್ವಾಧಿಕಾರವನ್ನು ಎದುರಿಸಿದ ಕೈಗಳನ್ನು ಮಾರುಕಟ್ಟೆ ಬರಿಗೈಯಾಗಿಸಿತು.

ಸ್ವತಃ ಪೋಲೆಂಡಿನವರಾದ ಜಗದ್ಗುರು ಎರಡನೇ ಜಾನ್ ಪೌಲರು 1991ರ ಮೇ 1ರ ‘ಸೆಂಟೆಸಿಮುಸ್ ಆನ್ನುಸ್’ ವಿಶ್ವಪತ್ರದಲ್ಲಿ, ಮಾರ್ಕ್ಸ್‌ವಾದ ಸೋತರೂ ಶೋಷಣೆ ಉಳಿದಿದೆಯೆಂದು ಎಚ್ಚರಿಸಿದ್ದರು. ಮಾರ್ಕ್ಸ್‌ವಾದ ಸೋತಿತೆಂಬುದನ್ನು ಓದಿಕೊಂಡ ನಾವು, ಉಳಿದುದನ್ನು ಮಡಿಚಿಟ್ಟೆವು.

ಇನ್ನು ಧರ್ಮದ ಪುನರುಜ್ಜೀವನ. ದೇವಾಲಯಗಳ ಬಾಗಿಲು ತೆರೆದವು, ದೇವರಿಗೆ ಸ್ತೋತ್ರ. ಆದರೆ 1997ರ ಕಾಯಿದೆ ರಷ್ಯಾದ ಸಣ್ಣ ಧಾರ್ಮಿಕ ಸಮುದಾಯಗಳನ್ನು ಕಟ್ಟಿಹಾಕಿತು. 2002ರಲ್ಲಿ ಇರ್ಕುಟ್ಸ್ಕ್‌ನ ಕಥೋಲಿಕ ಧರ್ಮಾಧ್ಯಕ್ಷರಿಗೆ ಮರಳಿ ಪ್ರವೇಶವನ್ನೇ ನಿರಾಕರಿಸಲಾಯಿತು. ಕರ್ತವ್ಯದಲ್ಲಿ ಮಡಿದ ಸೈನಿಕನ ಪಾಪಗಳೆಲ್ಲ ತೊಳೆದುಹೋಗುತ್ತವೆಂದು ಮಾಸ್ಕೋದ ಪೇಟ್ರಿಯಾರ್ಕ್ ಕಿರಿಲ್ 2022ರ ಸೆಪ್ಟೆಂಬರಿನಲ್ಲಿ, ಉಕ್ರೇನ್ ಯುದ್ಧದ ನಡುವೆ, ಬೋಧಿಸಿದರು. ನಾಸ್ತಿಕ ಪ್ರಭುತ್ವ ಧರ್ಮವನ್ನು ಸೆರೆಗೆ ತಳ್ಳಿತ್ತು. ಆಸ್ತಿಕ ಪ್ರಭುತ್ವ ಅದನ್ನು ಊಳಿಗಕ್ಕೆ ಇಟ್ಟುಕೊಂಡಿತು. ಎರಡನೆಯದೇ ಹೆಚ್ಚು ಅಪಾಯಕಾರಿ. ಏಕೆಂದರೆ ಸೆರೆಯಲ್ಲಿರುವವನಿಗೆ ತಾನು ಸೆರೆಯಾಳೆಂಬ ಅರಿವಾದರೂ ಇರುತ್ತದೆ.

ಇದು ದೂರದ ಮಾತೆನ್ನಬೇಡಿ. 2022ರ ಮಾರ್ಚ್ 1ರಂದು ಖಾರ್ಕೀವ್ ಮೇಲಿನ ಶೆಲ್ ದಾಳಿಯಲ್ಲಿ ನಮ್ಮ ನೆರೆಯ ಹಾವೇರಿ ಜಿಲ್ಲೆಯ ವೈದ್ಯಕೀಯ ವಿದ್ಯಾರ್ಥಿಯೊಬ್ಬ ಮಡಿದ. ನಮ್ಮ ಎಷ್ಟೋ ಮಕ್ಕಳು ವೈದ್ಯರಾಗಲು ಆ ಹಳೆಯ ಸೋವಿಯತ್ ನಾಡುಗಳಿಗೆ ಹೋಗುವುದೇಕೆ? ಇಲ್ಲಿನ ಖಾಸಗಿ ಕಾಲೇಜುಗಳ ಶುಲ್ಕ ಕೇಳಿದೊಡನೆ ರೈತ ತಂದೆಯ ಎದೆ ಒಡೆಯುವುದರಿಂದ. ಅಲ್ಲಿ ಪಕ್ಷ ಮಾಡಿದ ತಾರತಮ್ಯವನ್ನು ಇಲ್ಲಿ ಹಣ ಮಾಡುತ್ತಿದೆ.

ಪ್ರಿಯ ಓದುಗರೇ, ಕಮ್ಯುನಿಸಂ ಹುಟ್ಟಿದ್ದು ಹಸಿದವರ ಸಿಟ್ಟಿನಿಂದ. ಆ ಸಿಟ್ಟಿಗೆ ಅದು ಕೊಟ್ಟ ಉತ್ತರ ಸುಳ್ಳಾಗಿತ್ತು, ಪ್ರಶ್ನೆ ಸುಳ್ಳಾಗಿರಲಿಲ್ಲ. ಅದರ ಸಾವಿಗೆ ಸ್ತುತಿಗೀತೆ ಹಾಡಿದ ನಾವು, ನಮ್ಮ ಸಂಸ್ಥೆಗಳ ಶುಲ್ಕಪಟ್ಟಿಯನ್ನು ಬಲಿಪೀಠದ ಮುಂದೆ ನಿಂತು ಗಟ್ಟಿಯಾಗಿ ಓದಬಲ್ಲೆವೇ?