ಕಾವಲಿಗೆ ನೀರು, ನೆಲಕ್ಕೆ ಆಸಿಡ್

ರಾತ್ರಿ ಹತ್ತೂವರೆ. ಜಯನಗರದ ಯಾವುದೋ ಒಂದು ದರ್ಶಿನಿ, ಶಟರ್ ಅರ್ಧ ಇಳಿದಿದೆ. ಬೆಳಗಿನಿಂದ ನೂರಾರು ದೋಸೆ ಹುಯ್ದ ಕಾವಲಿಗೆ ಭಟ್ಟರು ಒಂದು ಚೊಂಬು ನೀರು ಚಿಮುಕಿಸಿ, ಹಿಡಿ ಪೊರಕೆಯಿಂದ ಎರಡು ಸಲ ಗುಡಿಸಿ, ಎಣ್ಣೆ ಸವರಿ ಹೊರಡುತ್ತಾರೆ. ಸೋಪಿನ ಹನಿಯೂ ಅದಕ್ಕೆ ಸೋಕುವಂತಿಲ್ಲ. ಸೋಕಿದರೆ ಬೆಳಿಗ್ಗೆ ಮೊದಲ ದೋಸೆ ಏಳುವುದಿಲ್ಲ. ಅದೇ ಹೊತ್ತಿಗೆ ಹಿಂದಿನ ಕೋಣೆಯಲ್ಲಿ, ಹವಾಯಿ ಚಪ್ಪಲಿ ಮೆಟ್ಟಿದ ಹುಡುಗನೊಬ್ಬ ಹಳೆಯ ನೀರಿನ ಬಾಟಲಿಯ ಮುಚ್ಚಳ ತೆಗೆದು ನೆಲಕ್ಕೆ ಏನನ್ನೋ ಸುರಿಯುತ್ತಾನೆ. ಬುಸ್ಸೆಂದು ನೊರೆ ಬರುತ್ತದೆ. ಮುಖ ಅತ್ತ ತಿರುಗಿಸಿಕೊಂಡು ಉಜ್ಜತೊಡಗುತ್ತಾನೆ.

ಬಾಟಲಿಯಲ್ಲಿರುವುದು ಹೈಡ್ರೋಕ್ಲೋರಿಕ್ ಆಮ್ಲ. ಊರಿನ ಬಾಯಲ್ಲಿ ಬರೀ ಆಸಿಡ್. ಗಾಡಿಗೆ ಕ್ಯಾನು ಕಟ್ಟಿಕೊಂಡು ‘ಆಸಿಡ್, ಫಿನಾಯಿಲ್’ ಎಂದು ಕೂಗುತ್ತ ಬರುವವರು ಬೆಂಗಳೂರಿನ ಬೀದಿಗಳಿಗೆ ಹೊಸಬರಲ್ಲ. ಆಸಿಡ್ ದಾಳಿಗೆ ಸಂಬಂಧಿಸಿದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2013ರ ಜುಲೈನಲ್ಲಿ ಇದರ ಚಿಲ್ಲರೆ ಮಾರಾಟಕ್ಕೆ ಕಡಿವಾಣ ಹಾಕಿತು. ಕೊಳ್ಳುವವರ ಹೆಸರು, ವಿಳಾಸ, ಪ್ರಮಾಣವನ್ನು ಪುಸ್ತಕದಲ್ಲಿ ಬರೆದಿಡಬೇಕು, ಫೋಟೊ ಇರುವ ಗುರುತಿನ ಚೀಟಿ ನೋಡಬೇಕು, 18 ವರ್ಷದೊಳಗಿನವರಿಗೆ ಕೊಡಬಾರದು, ತಪ್ಪಿದರೆ 50,000 ರೂಪಾಯಿವರೆಗೆ ದಂಡ. ಬೀದಿಯಲ್ಲಿ ಕೂಗಿ ಮಾರುವವರ ಬಳಿ ಅಂಥ ಪುಸ್ತಕ ಹುಡುಕಲು ಹೋಗುವುದು ವ್ಯರ್ಥ.

ಆ ನೊರೆಯ ವಿಷಯ ಸ್ವಲ್ಪ ನೋಡಬೇಕು. ಕೊಳೆ ಬಿಡುತ್ತಿದೆ ಎಂದು ಎಲ್ಲರೂ ತಿಳಿಯುತ್ತಾರೆ. ವಾಸ್ತವದಲ್ಲಿ ಕರಗುತ್ತಿರುವುದು ಟೈಲ್ಸ್ ನಡುವಿನ ಸಿಮೆಂಟು. ಹೋಟೆಲಿನ ನೆಲದ ಮುಖ್ಯ ಕೊಳೆ ಜಿಡ್ಡು. ಜಿಡ್ಡಿಗೆ ಆಮ್ಲದಿಂದ ಏನೂ ಆಗುವುದಿಲ್ಲ, ಅದಕ್ಕೆ ಕ್ಷಾರ ಬೇಕು. ಒಲೆಯ ಬೂದಿ ಮತ್ತು ತೆಂಗಿನ ನಾರಿನಿಂದ ಮುಸುರೆ ತಿಕ್ಕುತ್ತಿದ್ದ ಅಜ್ಜಿಯರಿಗೆ ಇದು ತಿಳಿದಿತ್ತು. ಬೂದಿಯಲ್ಲಿರುವ ಪೊಟ್ಯಾಷಿಯಂ ಕಾರ್ಬೊನೇಟ್ ಹದವಾದ ಕ್ಷಾರ. ಹುಣಸೆಹುಳಿಯನ್ನು ಅವರು ಹಿತ್ತಾಳೆ, ತಾಮ್ರಕ್ಕೆ ಮಾತ್ರ ಮೀಸಲಿಟ್ಟಿದ್ದರು. ಇಂದಿನ ಹೋಟೆಲಿನವರು ಎರಡನ್ನೂ ಅದಲು ಬದಲು ಮಾಡಿದ್ದಾರೆ. ಆಸಿಡ್ ಸುರಿದ ನೆಲದಲ್ಲಿ ಸಿಮೆಂಟು ಸವೆದು ಸಂದುಗಳಾಗುತ್ತವೆ, ಸಂದುಗಳಲ್ಲಿ ಇನ್ನಷ್ಟು ಜಿಡ್ಡು ಕೂರುತ್ತದೆ, ಅದನ್ನು ತೆಗೆಯಲು ಇನ್ನಷ್ಟು ಆಸಿಡ್ ಬರುತ್ತದೆ. ಅದರ ಆವಿ ತಗುಲಿದ ಸ್ಟೀಲ್ ಪಾತ್ರೆಗಳಿಗೂ ತುಕ್ಕಿನ ಚುಕ್ಕೆ ಬೀಳುತ್ತದೆ.

ಹಾಗೆಂದು ಕ್ಷಾರವೇನೂ ಸಾಧುವಲ್ಲ. ಚಿಮಣಿ, ಬಾಣಲೆಯ ಹಳೇ ಜಿಡ್ಡು ಬಿಡಿಸುವ ದ್ರಾವಣಗಳಲ್ಲಿ ಹೆಚ್ಚಾಗಿ ಇರುವುದು ಕಾಸ್ಟಿಕ್ ಸೋಡಾ. ಅದು ಕೊಬ್ಬನ್ನು ಸಾಬೂನಾಗಿ ಮಾರ್ಪಡಿಸುತ್ತದೆ. ಅಂಗೈಯ ಚರ್ಮಕ್ಕೂ ಮಾಡುವುದು ಅದನ್ನೇ. ಆಸಿಡ್ ತಗುಲಿದರೆ ತಕ್ಷಣ ಉರಿಯುತ್ತದೆ, ಕೈ ಹಿಂದೆ ಬರುತ್ತದೆ. ತೆಳು ಕಾಸ್ಟಿಕ್ ಮೊದಲು ಬರೀ ಜಾರುತ್ತದೆ, ನೋವು ಗೊತ್ತಾಗುವಷ್ಟರಲ್ಲಿ ಒಳಕ್ಕೆ ಇಳಿದಿರುತ್ತದೆ. ಕಣ್ಣಿಗೆ ಸಿಡಿದರಂತೂ ಆಮ್ಲಕ್ಕಿಂತ ಹೆಚ್ಚು ಅಪಾಯ. ಅಲ್ಯೂಮಿನಿಯಂ ಪಾತ್ರೆಯನ್ನು ಅದು ತಿಂದು ಹೈಡ್ರೋಜನ್ ಬಿಡುತ್ತದೆ. ಬಿಳಿ ಹರಳಿನ ಮೇಲೆ ನೀರು ಸುರಿದರೆ ಕುದಿದು ಮೇಲೆ ಹಾರುತ್ತದೆ. ನೀರಿಗೆ ಸ್ವಲ್ಪ ಸ್ವಲ್ಪವೇ ಸೇರಿಸಬೇಕು. ಇಷ್ಟನ್ನು ತೊಳೆಯುವ ಹುಡುಗನಿಗೆ ಯಾರಾದರೂ ಕೂರಿಸಿಕೊಂಡು ಹೇಳಿದ್ದಾರೆಯೇ ಎಂಬುದೇ ಪ್ರಶ್ನೆ.

ಎಲ್ಲಕ್ಕಿಂತ ಕೆಟ್ಟದ್ದು ಬೆರಕೆ. ಆಸಿಡ್ಡಿಗೆ ಬ್ಲೀಚಿಂಗ್ ಪೌಡರ್ ಅಥವಾ ಬ್ಲೀಚ್ ದ್ರಾವಣ ಸೇರಿದರೆ ಹುಟ್ಟುವುದು ಕ್ಲೋರಿನ್ ಅನಿಲ. ಗಾಳಿಗಿಂತ ಸುಮಾರು ಎರಡೂವರೆ ಪಟ್ಟು ಭಾರ; ನೆಲದ ಮಟ್ಟದಲ್ಲೇ, ಬಗ್ಗಿ ಉಜ್ಜುವವನ ಮೂಗಿನ ಹತ್ತಿರವೇ ನಿಲ್ಲುತ್ತದೆ. 2019ರ ನವೆಂಬರ್‌ನಲ್ಲಿ ಅಮೆರಿಕದ ಬಾಸ್ಟನ್ ಬಳಿಯ ಬರ್ಲಿಂಗ್ಟನ್ ಎಂಬ ಊರಿನ ರೆಸ್ಟೊರೆಂಟಿನಲ್ಲಿ ಆದದ್ದು ಇದೇ. ನೆಲಕ್ಕೆ ಚೆಲ್ಲಿದ್ದ ಆಮ್ಲದ ಕ್ಲೀನರ್ ಮೇಲೆ ಇನ್ನೊಬ್ಬರು ಬ್ಲೀಚ್ ಆಧಾರಿತ ಕ್ಲೀನರ್ ಹಾಕಿದರು. ಹಸಿರು ಗುಳ್ಳೆ ಎದ್ದಿತು. ಅದನ್ನು ಹೊರಗೆ ತಳ್ಳಲು ಹೋದ 32 ವರ್ಷದ ಮ್ಯಾನೇಜರ್ ಸತ್ತರು, ಹತ್ತಕ್ಕೂ ಹೆಚ್ಚು ಮಂದಿ ಆಸ್ಪತ್ರೆ ಸೇರಿದರು. ಕ್ಲೋರಿನ್ ಎಂದರೇನೆಂದು ಮೈಸೂರಿನವರಿಗೆ ಬೇರೆ ಹೇಳಬೇಕಿಲ್ಲ. 2024ರ ಜೂನ್‌ನಲ್ಲಿ ಹಳೇ ಕೆಸರೆಯ ಗುಜರಿ ಗೋದಾಮಿನಲ್ಲಿ ಹಳೆಯ ಸಿಲಿಂಡರ್ ಕತ್ತರಿಸುವಾಗ ಸೋರಿದ ಅನಿಲದಿಂದ ಹತ್ತಾರು ಜನ ಅಸ್ವಸ್ಥರಾದರು.

ಗಿರಾಕಿಯೂ ಇದರಿಂದ ಹೊರತಲ್ಲ. ಅಮೆರಿಕದ ಯೂಟಾದಲ್ಲಿ 2014ರಲ್ಲಿ ರೆಸ್ಟೊರೆಂಟಿನ ಸಿಬ್ಬಂದಿಯೊಬ್ಬರು ಕಾಸ್ಟಿಕ್ ಇದ್ದ ಕ್ಲೀನಿಂಗ್ ಪುಡಿಯನ್ನು ಸಕ್ಕರೆಯೆಂದು ತಣ್ಣನೆ ಚಹಾಕ್ಕೆ ಬೆರೆಸಿದ್ದರು. ಗುಟುಕರಿಸಿದ 67 ವರ್ಷದ ಮಹಿಳೆಯ ಬಾಯಿ, ಗಂಟಲು ಸುಟ್ಟುಹೋಯಿತು. ನಮ್ಮ ಅಡುಗೆಮನೆಗಳಲ್ಲಂತೂ ಬಿಳಿ ಪುಡಿಗಳಿಗೆ ಬರವಿಲ್ಲ: ಉಪ್ಪು, ಸಕ್ಕರೆ, ಮೈದಾ, ಅಡಿಗೆ ಸೋಡಾ. ಪಕ್ಕದಲ್ಲೇ ಚೀಟಿಯಿಲ್ಲದ ಡಬ್ಬಿಯಲ್ಲಿ ಇನ್ನೊಂದು ಬಿಳಿ ಪುಡಿ.

ಕಾನೂನು ಇಲ್ಲವೇ? ಇದೆ. ಆಹಾರ ಸುರಕ್ಷತೆಯ ಪರವಾನಗಿ ಮತ್ತು ನೋಂದಣಿಯ 2011ರ ನಿಯಮಗಳ 4ನೇ ಅನುಸೂಚಿ, ಸ್ವಚ್ಛತಾ ರಾಸಾಯನಿಕಗಳನ್ನು ತಯಾರಕರ ಸೂಚನೆಯಂತೆಯೇ ಬಳಸಬೇಕು, ಆಹಾರದಿಂದ ದೂರದಲ್ಲಿ, ಸ್ಪಷ್ಟ ಗುರುತಿರುವ ಡಬ್ಬಿಗಳಲ್ಲಿ ಇಡಬೇಕು ಎನ್ನುತ್ತದೆ. ನೀರಿನ ಬಾಟಲಿಯ ಆಸಿಡ್ ಅಲ್ಲಿಗೇ ನಿಯಮಬಾಹಿರ. ರಾಜ್ಯದ ಆಹಾರ ಸುರಕ್ಷತಾ ಇಲಾಖೆ ಕೈಕಟ್ಟಿ ಕೂತಿದೆ ಎನ್ನಲೂ ಆಗದು. 2024ರ ಮಾರ್ಚ್‌ನಲ್ಲಿ ಗೋಬಿ ಮಂಚೂರಿಯ ಕೃತಕ ಬಣ್ಣಕ್ಕೆ ನಿಷೇಧ ಬಂತು. 2025ರ ಫೆಬ್ರುವರಿಯಲ್ಲಿ ಇಡ್ಲಿ ತಟ್ಟೆಯ ಪ್ಲಾಸ್ಟಿಕ್ ಹಾಳೆಗೆ ಬಂತು. 251 ಕಡೆ ತಪಾಸಣೆ ಮಾಡಿದಾಗ 52ರಲ್ಲಿ ಬಟ್ಟೆಯ ಬದಲು ಪ್ಲಾಸ್ಟಿಕ್ ಸಿಕ್ಕಿತ್ತು. ಎರಡೂ ಒಳ್ಳೆಯ ಕ್ರಮಗಳೇ. ಆದರೆ ಇವೆಲ್ಲ ತಟ್ಟೆಯ ಮೇಲಿನ ಸಂಗತಿಗಳು. ತಟ್ಟೆ ತೊಳೆಯುವ ಮೂಲೆಯ ಬಗ್ಗೆ ಇಷ್ಟೇ ಗದ್ದಲದ ತಪಾಸಣೆ ನಡೆದರೆ ಏನೇನು ಹೊರಬರುತ್ತದೋ.

ಮಾಲೀಕರ ಕಷ್ಟವೂ ಸುಳ್ಳಲ್ಲ. ಬಾಡಿಗೆ ಹೆಚ್ಚು, ಜಾಗ ಕಡಿಮೆ, ಕೆಲಸಕ್ಕೆ ಜನ ನಿಲ್ಲುವುದಿಲ್ಲ. ಕುಂದಾಪುರ, ಉಡುಪಿ ಕಡೆಯ ಹುಡುಗರಿದ್ದ ಜಾಗದಲ್ಲಿ ಈಗ ಒಡಿಶಾ, ಅಸ್ಸಾಂ, ನೇಪಾಳದವರು; ಕ್ಯಾನಿನ ಮೇಲಿನ ಇಂಗ್ಲಿಷ್ ಅಕ್ಷರ ಅವರಿಗೆ ಉಪಯೋಗವಿಲ್ಲ, ಕನ್ನಡವೂ ಇಲ್ಲ. ಚಿತ್ರದ ಗುರುತು, ಬಣ್ಣದ ಮುಚ್ಚಳ ಬೇಕು. ನೀರಿನ ತೊಂದರೆ ಬೇರೆ. 2024ರ ಬೇಸಿಗೆಯಲ್ಲಿ ಜಲಮಂಡಳಿ ಹೋಟೆಲುಗಳ ನಲ್ಲಿಗೂ ಏರೇಟರ್ ಕಡ್ಡಾಯ ಮಾಡಿತು. ನೀರು ಉಳಿಸುವುದು ಸರಿ, ಆದರೆ ರಾಸಾಯನಿಕ ಹಾಕಿ ತಿಕ್ಕಿದ ತಟ್ಟೆಯನ್ನು ಜಾಲಿಸಲು ನೀರು ಕಡಿಮೆ ಮಾಡಿದರೆ ಉಳಿದದ್ದು ಹೋಗುವುದು ಗಿರಾಕಿಯ ಹೊಟ್ಟೆಗೆ. ಟ್ಯಾಂಕರಿನ ಗಡಸು ಬೋರ್‌ವೆಲ್ ನೀರಿನಲ್ಲಿ ಸೋಪು ನೊರೆ ಕೊಡುವುದಿಲ್ಲ, ಬಾಯ್ಲರಿನಲ್ಲಿ ಸುಣ್ಣ ಕಟ್ಟುತ್ತದೆ. ಸುಣ್ಣಕ್ಕೆ ಸಿಟ್ರಿಕ್ ಆಮ್ಲ, ಅಂದರೆ ನಿಂಬೆ ಉಪ್ಪು ಸಾಕು. ಅದಕ್ಕೂ ಆಸಿಡ್ ಕ್ಯಾನೇ ಏಕೆ ಬೇಕು?

ತಟ್ಟೆಯ ಕ್ರಿಮಿ ಕೊಲ್ಲಲು ಬೇಕಾದದ್ದು ನಿಜಕ್ಕೂ ಬಹಳ ಕಡಿಮೆ. ಶೇಕಡಾ 5ರ ಬ್ಲೀಚ್ ಆದರೆ ಒಂದು ಲೀಟರ್ ನೀರಿಗೆ 2 ಮಿ.ಲೀ. ಸಾಕು, ಅರ್ಧ ಚಮಚದಷ್ಟೂ ಇಲ್ಲ. ಅಮೆರಿಕದ ಆಹಾರ ಸಂಹಿತೆ 77 ಡಿಗ್ರಿ ಬಿಸಿನೀರಿನಲ್ಲಿ 30 ಸೆಕೆಂಡ್ ಮುಳುಗಿಸಿದರೂ ಆಯಿತು ಎನ್ನುತ್ತದೆ. ದಿನವಿಡೀ ಇಡ್ಲಿಗೆ ಹಬೆ ಹಾಯಿಸುವ ದರ್ಶಿನಿಯವರಿಗೆ ಬಿಸಿನೀರಿಗೆ ಬರವೇ?

ಲಾಲ್‌ಬಾಗ್ ರಸ್ತೆಯ ಎಂಟಿಆರ್‌ನ ಯಜ್ಞನಾರಾಯಣ ಮಯ್ಯರು 1951ರಲ್ಲಿ ಯುರೋಪಿಗೆ ಹೋಗಿ ಅಲ್ಲಿನ ಹೋಟೆಲುಗಳ ಶುಚಿ ನೋಡಿ ಬಂದರು. ಬಂದವರೇ ಪಾತ್ರೆಪಗಡಿಗಳ ಕ್ರಿಮಿಶುದ್ಧಿಗೆ ಕ್ರಮ ಮಾಡಿ, ಗಿರಾಕಿಗಳಿಗೆ ಅಡುಗೆಮನೆಯನ್ನೇ ತೆರೆದಿಟ್ಟರು. 1983ರಲ್ಲಿ ಆರ್. ಪ್ರಭಾಕರ್ ಜಯನಗರದಲ್ಲಿ ಕೆಫೆ ದರ್ಶಿನಿ ಆರಂಭಿಸಿದ ಮೇಲೆ ದೋಸೆ ಹುಯ್ಯುವುದು ಎಲ್ಲರ ಕಣ್ಣೆದುರಿಗೆ ಬಂತು. ದಕ್ಷಿಣ ಬೆಂಗಳೂರು ಅಡುಗೆಯ ದರ್ಶನಕ್ಕೆ ಅಂದಿನಿಂದಲೂ ಒಗ್ಗಿಕೊಂಡಿದೆ. ದರ್ಶನವಾಗದೆ ಉಳಿದಿರುವುದು ಮುಸುರೆ ತೊಳೆಯುವ ಜಾಗ ಮಾತ್ರ.

ಆ ಗೋಡೆಯನ್ನೂ ತೆಗೆಯಬೇಕು, ಇಲ್ಲವೇ ಗಾಜು ಹಾಕಬೇಕು. ಅಡುಗೆ ನಡೆಯುವ ಕಟ್ಟಡದೊಳಗೆ ಬಿಡಿ ಆಸಿಡ್ ಸಿಕ್ಕರೆ ಪರವಾನಗಿ ಅಮಾನತಾಗಬೇಕು. ಹುಡುಗರಿಗೆ ಕೈಗವಸು, ಬೂಟು, ಕನ್ನಡಕ ಕೊಡದವರಿಗೆ ದಂಡ ಬೀಳಬೇಕು. ಅಲ್ಲಿಯವರೆಗೆ ಒಂದು ಕೆಲಸ ಓದುಗರೂ ಮಾಡಬಹುದು: ಮುಂದಿನ ಸಲ ಕಾಫಿ ಲೋಟ ಇಡಲು ಹೋದಾಗ ಹಿಂದಕ್ಕೆ ಇಣುಕಿ ನೋಡಿ. ಚೀಟಿಯಿಲ್ಲದ ಬಾಟಲಿ ಕಂಡರೆ ಗಲ್ಲಾದಲ್ಲಿ ಕೂತವರಿಗೆ ಹೇಳಿ. ಅವರು ನಕ್ಕು ಸುಮ್ಮನಾದರೆ, ಗೋಡೆಯ ಮೇಲೆ ತೂಗಿರುವ 14 ಅಂಕಿಯ ಪರವಾನಗಿ ಸಂಖ್ಯೆ ಬರೆದುಕೊಂಡು ಆಹಾರ ಸುರಕ್ಷತಾ ಅಧಿಕಾರಿಗೆ ದೂರು ಕೊಡಿ.