ಹೊಲದ ಮಾತು ಕಡತಕ್ಕೂ ಬರಲಿ
ಕರಾವಳಿಯ ರೈತರು ಗದ್ದೆಯನ್ನು ಬೈಲು, ಮಜಲು, ಬೆಟ್ಟು ಎಂದು ವಿಂಗಡಿಸುವುದು ಬರೀ ಗುರುತಿಗಲ್ಲ. ತಗ್ಗಿನ ಬೈಲಿನಲ್ಲಿ ನೀರಾಸರೆ ಇರುವುದರಿಂದ ಮೂರು ಬೆಳೆಯೂ ಸಾಧ್ಯ, ಮಜಲಿಗೆ ಎರಡು, ಎತ್ತರದ ಬೆಟ್ಟಿಗೆ ಮಳೆಗಾಲದ ಒಂದೇ ಬೆಳೆ. ಉತ್ತರ ಕರ್ನಾಟಕದಲ್ಲಿ ತೇವ ಹಿಡಿದಿಡುವ ಎರೆ ಹೊಲ ಹಿಂಗಾರಿನ ಬಿಳಿಜೋಳ, ಕಡಲೆಗೆ ಒದಗುತ್ತದೆ. ಬೇಗ ಆರುವ ಮಸಾರಿ ಮುಂಗಾರನ್ನೇ ನಂಬಬೇಕು. ಇಷ್ಟು ತಿಳಿವಳಿಕೆಯನ್ನು ಕಂದಾಯ ಇಲಾಖೆ ಖುಷ್ಕಿ, ತರಿ, ಬಾಗಾಯ್ತು ಎಂಬ ಮೂರು ಪದಗಳಲ್ಲಿ ಮುಗಿಸುತ್ತದೆ. ತೆರಿಗೆಗೆ ಅಷ್ಟು ಸಾಕು, ಬೇಸಾಯದ ಸಲಹೆಗೆ ಸಾಲದು.

ಊರಿಗೊಂದು ಪದವಿದ್ದರೆ ಆಡಳಿತ ನಡೆಯುವುದು ಹೇಗೆ ಎಂಬ ಆಕ್ಷೇಪ ನ್ಯಾಯವಾದದ್ದೇ. ಆದರೆ ಮಣ್ಣು, ಮಳೆ ಜಿಲ್ಲೆಯಿಂದ ಜಿಲ್ಲೆಗೆ ಬದಲಾಗುವಾಗ ಬೇಸಾಯದ ಸಲಹೆ ನೀಡುವ ಕರಪತ್ರದ ಭಾಷೆ ಮಾತ್ರ ರಾಜ್ಯಕ್ಕೆಲ್ಲ ಒಂದೇ ಏಕಿರಬೇಕು? ಹಳೆಯ ಸಲಕರಣೆಗಳೊಂದಿಗೆ ಪದಗಳೂ ಹೋದವು ಎನ್ನುವವರು ಟ್ರ್ಯಾಕ್ಟರ್ ಹಿಂದಿನ ಬಿತ್ತನೆ ಯಂತ್ರವನ್ನೂ ರೈತರು ಕೂರಿಗೆ ಎಂದೇ ಕರೆಯುವುದನ್ನು ಗಮನಿಸಲಿ. ಯೂರಿಯಾ, ಡ್ರಿಪ್‌ನಂಥ ಹೊಸ ಪದಗಳು ಬಂದದ್ದಕ್ಕೂ ತಕರಾರಿಲ್ಲ. ಬೇಕಾದ್ದನ್ನು ರೈತರು ಎಂದೋ ಒಳಗೆ ಕರೆದುಕೊಂಡಿದ್ದಾರೆ. ‘ಮಣ್ಣಿನ ತೇವಾಂಶ ಸೂಕ್ತವಾಗಿದ್ದಾಗ’ ಎಂದು ಬರೆಯುವ ಅಧಿಕಾರಿಗಳು ಮುಂದಿನ ಮುಂಗಾರಿನ ಕರಪತ್ರದಲ್ಲಾದರೂ ‘ಹದ ನೋಡಿ ಬಿತ್ತಿ’ ಎನ್ನಲಿ.